ಕಾಸರಗೋಡಿನಲ್ಲಿ ಎರಡು ನಾಯಿ ಸಮೇತ ಬಾಡಿಗೆ ಮನೆ: ಎಲ್ಲಿ ಹುಡುಕುವುದು, ಕರಾರಿನಲ್ಲಿ ಎಂತ ಬರೆಸುವುದು?

ಪುತ್ತೂರಿಂದ_ಕಾಸ್ರೋಡಿಗೆ

ಜೂನ್ ಒಳಗೆ ಪುತ್ತೂರಿನಿಂದ ಕಾಸರಗೋಡಿಗೆ ಬಿಡಾರ ಬದಲಿಸಬೇಕಾಗಿದೆ. ಆಫೀಸು ವಿದ್ಯಾನಗರದಲ್ಲಿ. ಜೊತೆಗೆ ಎರಡು ನಾಯಿ ಉಂಟು. ಒಂದು ಲ್ಯಾಬ್ರಡಾರ್, ಹೆಣ್ಣು, 4 ವರ್ಷ, 29 ಕೆ.ಜಿ. ಇನ್ನೊಂದು ಊರನಾಯಿ, ಗಂಡು, 2 ವರ್ಷ, 16 ಕೆ.ಜಿ. ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ರೇಬೀಸ್ ಚುಚ್ಚುಮದ್ದು ವರ್ಷವರ್ಷ ಹಾಕಿಸಿದ ಪುಸ್ತಕ ಉಂಟು. ಬಾಡಿಗೆ 12,000 ರೂಪಾಯಿವರೆಗೆ ಆದೀತು.

ಆನ್‌ಲೈನ್ ಜಾಹೀರಾತು ನೋಡಿ ಫೋನು ಮಾಡಿದರೆ "ನಾಯಿ" ಎಂಬ ಶಬ್ದ ಕೇಳಿದ ಕೂಡಲೇ ಫೋನು ಇಡ್ತಾರೆ. ಕೇಳಬೇಕಾದ್ದು ಮೂರು. ಯಾವ ನಮೂನೆಯ ಮನೆ, ಯಾವ ಕಡೆ ಹುಡುಕಿದರೆ ಸಿಗ್ತದೆ? ನಾಯಿ ವಿಷಯ ಮೊದಲೇ ಹೇಳುವುದಾ, ಮನೆ ನೋಡಿದ ಮೇಲೆ ಹೇಳುವುದಾ? ಕರಾರಿನಲ್ಲಿ ಎಂತ ಬರೆಸಬೇಕು?

ಪಯಸ್ವಿನಿ_ದಡ

ನೀವು ಫೋನು ಮಾಡುತ್ತಿರುವುದು ಹೆಚ್ಚಾಗಿ ಕ್ವಾರ್ಟರ್ಸಿಗೆ ಎಂದು ಕಾಣ್ತದೆ. ಇಲ್ಲಿ ಕ್ವಾರ್ಟರ್ಸ್ ಎಂದರೆ ಸರಕಾರಿ ವಸತಿ ಅಲ್ಲ ಮಾರಾಯ್ರೆ. ಬಾಡಿಗೆಗೆಂದೇ ಸಾಲಾಗಿ, ಇಲ್ಲವೇ ಮೇಲೆ ಕೆಳಗೆ ಕಟ್ಟಿದ ನಾಲ್ಕೋ ಆರೋ ಎಂಟೋ ಮನೆ. ನಡುಗೋಡೆ ಒಂದೇ, ಅಂಗಳ ಒಂದೇ, ಪಂಪು ಒಂದೇ, ಬಟ್ಟೆ ಒಣಗಿಸುವ ಹಗ್ಗವೂ ಒಂದೇ. ಅಲ್ಲಿ ಮಾಲಿಕನಿಗೆ ಮನಸ್ಸಿದ್ದರೂ ಪಕ್ಕದ ಏಳು ಮನೆಯವರ ಮನಸ್ಸು ಬೇಕಾಗ್ತದೆ. ನುಳ್ಳಿಪ್ಪಾಡಿ, ವಿದ್ಯಾನಗರ, ಅಣಂಗೂರು ಸುತ್ತ ಆನ್‌ಲೈನಿನಲ್ಲಿ ಕಾಣುವ ಜಾಹೀರಾತು ಬಹಳಷ್ಟು ಇಂಥದ್ದರದ್ದೇ. ಎರಡು ನಾಯಿಗೆ ಅದನ್ನು ಬಿಟ್ಟುಬಿಡಿ.

ನಿಮಗೆ ಬೇಕಾದ್ದು ಸ್ವಂತ ಆವರಣಗೋಡೆ ಇರುವ ಒಂಟಿ ಮನೆ. ಅಂಥದ್ದು ಎರಡು ನಮೂನೆ. ಒಂದು, ಗಲ್ಫಿನಲ್ಲಿರುವವರು ಕಟ್ಟಿಸಿ ಬೀಗ ಹಾಕಿದ ಮನೆ. ಇದು ಚಂದ ಇರ್ತದೆ, ಆದರೆ ನೆಲ ಬಾಗಿಲು ಎಲ್ಲ ದುಬಾರಿ. ಎರಡು ವರ್ಷಕ್ಕೊಮ್ಮೆ ಮಾಲಿಕ ಕುಟುಂಬ ಸಮೇತ ರಜೆಗೆ ಬರುತ್ತಾನೆ. ಎರಡನೆಯದ್ದು, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ತೋಟದ ಮನೆಗಳು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ, ಹಿರಿಯರು ಈಗ ಇಲ್ಲ, ಹಂಚಿನ ಮಾಡು, ಕಾವಿ ನೆಲ, ಸುತ್ತ ಅಡಿಕೆ. ಇವರಿಗೆ ಬಾಡಿಗೆಗಿಂತ ಮನೆ ಪಾಳು ಬೀಳಬಾರದು ಎಂಬುದು ಮುಖ್ಯ. ಅಂಗಳದಲ್ಲಿ ಒಣಗುವ ಅಡಿಕೆಗೆ ಕಳ್ಳರ ಕಾಟ, ತೋಟಕ್ಕೆ ಮಂಗ ಹಂದಿ ಕಾಟ. ಹಾಗಾಗಿ ನಾಯಿ ಉಂಟು ಎಂದರೆ ಫೋನು ಇಡುವುದಿಲ್ಲ, "ಬೊಗಳ್ತದಾ?" ಎಂದು ಕೇಳ್ತಾರೆ. ನಿಮ್ಮ ಲ್ಯಾಬ್‌ನಿಂದ ಏನೂ ಪ್ರಯೋಜನ ಇಲ್ಲದಿರಬಹುದು. ಊರನಾಯಿಗೆ ಬೆಲೆ ಉಂಟು!

ಇಂಥ ಮನೆ ಆನ್‌ಲೈನಿಗೆ ಬರುವುದೇ ಇಲ್ಲ. ಸಹಕಾರಿ ಬ್ಯಾಂಕಿನ ಶಾಖೆ, ಹಾಲಿನ ಸೊಸೈಟಿ, ಅಡಿಕೆ ಅಂಗಡಿ, ಪಶುವೈದ್ಯರ ಕಂಪೌಂಡರ್, ಮೀಟರ್ ಓದುವವರು, ಇವರಿಗೆಲ್ಲ ಯಾವ ಮನೆ ಖಾಲಿ ಎಂದು ಗೊತ್ತಿರ್ತದೆ. ಬ್ರೋಕರನಿಗೆ ಹೇಳುವುದಾದರೆ "ಕ್ವಾರ್ಟರ್ಸ್ ಬೇಡ, ಕಂಪೌಂಡ್ ಇರುವ ಒಂಟಿ ಮನೆ, ನಾಯಿ ಎರಡು" ಎಂದು ಒಂದೇ ಉಸಿರಿಗೆ ಹೇಳಿ. ಇಲ್ಲದಿದ್ದರೆ ಹತ್ತು ಕ್ವಾರ್ಟರ್ಸ್ ತೋರಿಸಿ ಪೆಟ್ರೋಲ್ ಖರ್ಚು ಮಾಡಿಸ್ತಾನೆ.

ಹೊತ್ತೂ ನೋಡಿ. ಮಾರ್ಚ್ ಕೊನೆಯಿಂದ ಮೇ ವರೆಗೆ ವರ್ಗಾವಣೆ, ಶಾಲೆ ರಜೆ ಎಂದು ಮನೆ ಖಾಲಿಯಾಗ್ತದೆ. ಜೂನ್ ಒಂದಕ್ಕೆ ಶಾಲೆ ಶುರು, ಅಷ್ಟರಲ್ಲಿ ಒಳ್ಳೆಯದೆಲ್ಲ ಹೋಗಿರ್ತದೆ. ಆಮೇಲೆ ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಹೊಸ ಮನೆ ಹೊಗಲು ಹೆಚ್ಚಿನವರು ಮನಸ್ಸು ಮಾಡುವುದಿಲ್ಲ. ಜೂನಿನಲ್ಲಿ ಖಾಲಿ ಉಳಿದ ಮನೆಯ ಮಾಲಿಕನಿಗೆ ಸೋಣ ತಿಂಗಳವರೆಗೆ ಬಾಡಿಗೆ ಇಲ್ಲ ಎಂದು ಗೊತ್ತು. ನಾಯಿ ವಿಷಯದಲ್ಲಿ ಚೌಕಾಶಿಗೆ ಅದೇ ಸಮಯ.

ಎರಡನೇ ಪ್ರಶ್ನೆಗೆ ಉತ್ತರ: ಫೋನಿನಲ್ಲೇ ಹೇಳಿ, ಎರಡನೇ ವಾಕ್ಯದಲ್ಲೇ ಹೇಳಿ. ಮುಚ್ಚಿಟ್ಟು ಸಾಮಾನು ಇಳಿಸಿದ ಮೇಲೆ ಗೊತ್ತಾದರೆ ಹನ್ನೊಂದು ತಿಂಗಳ ಕರಾರು ಮುಗಿದ ಮರುದಿನವೇ ಮನೆ ಬಿಡಿಸ್ತಾರೆ, ಮುಂಗಡದಲ್ಲಿ ಹಿಡಿದುಕೊಳ್ಳಲು ಕಾರಣವನ್ನೂ ನೀವೇ ಕೊಟ್ಟ ಹಾಗೆ. ಮಲಯಾಳ ಮಾತಾಡುವ ಮಾಲಿಕರಾದರೆ ಒಂದು ಸೂಕ್ಷ್ಮ ಉಂಟು. ಮಲಯಾಳದಲ್ಲಿ ನಾಯಿಗೆ "ಪಟ್ಟಿ" ಎನ್ನುತ್ತಾರೆ, ಅದೇ ಬೈಗುಳವೂ ಹೌದು. "ವಳರ್ತುನಾಯ" ಎಂದರೆ ಸಾಕುನಾಯಿ, ಕಾಗದಪತ್ರದಲ್ಲಿ ಬಳಸುವ ಮಾತು. ಅದನ್ನೇ ಹೇಳಿ.

ಮತ್ತೆ, "ಆಗುವುದಿಲ್ಲ" ಎಂದರೆ ಅಲ್ಲಿಗೇ ಬಿಡಬೇಡಿ, "ಎಂತಕ್ಕೆ" ಎಂದು ಮೆತ್ತಗೆ ಕೇಳಿ. ನಾಯಿಯೇ ಬೇಡ ಎನ್ನುವವರು ಕಮ್ಮಿ. ಬಾವಿ ನೀರು ಹಾಳಾದೀತು, ಬಾಗಿಲು ಗೀರೀತು, ಪಕ್ಕದ ಮಗುವಿಗೆ ಕಚ್ಚೀತು, ಬಾಡಿಗೆಯವ ಹೋಗುವಾಗ ನಾಯಿಯನ್ನು ಇಲ್ಲೇ ಬಿಟ್ಟು ಹೋದಾನು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಹೆದರಿಕೆ. ಯಾವುದೆಂದು ಗೊತ್ತಾದರೆ ಅದಕ್ಕೆ ಮದ್ದು ಉಂಟು. ಮದ್ದಿಲ್ಲದ್ದು ಆಚಾರದ ವಿಷಯ. ಇಲ್ಲಿಯ ಹೆಚ್ಚಿನ ಮುಸ್ಲಿಮರು ಅನುಸರಿಸುವ ಶಾಫಿ ಪದ್ಧತಿಯಲ್ಲಿ ನಾಯಿಯ ಜೊಲ್ಲು ತಾಗಿದ್ದನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ರಜೆಗೆ ಬಂದಾಗ ಅದೇ ಕೋಣೆಯಲ್ಲಿ ನಮಾಜು ಮಾಡುವವನಿಗೆ ಇದು ಸಣ್ಣ ಮಾತಲ್ಲ. ಬ್ರಾಹ್ಮಣರ ಮನೆಯಲ್ಲಿ ಮಡಿ, ತುಳಸಿಕಟ್ಟೆ, ಆವರಣದೊಳಗೆ ನಾಗಬನ. ವಾದ ಮಾಡಬೇಡಿ, "ಆಯ್ತು, ನಿಮಗೆ ಗೊತ್ತಿರುವ ಬೇರೆ ಮನೆ ಇದ್ದರೆ ಹೇಳಿ" ಎಂದುಬಿಡಿ. ಮುಂದಿನ ಮನೆಯ ದಾರಿ ಹಾಗೆ ಹೇಳಿದವರಿಂದಲೇ ಸಿಗುವುದು ಹೆಚ್ಚು.

ಕಾನೂನು_ಉಂಟಲ್ಲ

ಇಷ್ಟೆಲ್ಲ ಕಾಲು ಹಿಡಿಯುವುದು ಎಂತಕ್ಕೆ? 2021ರಲ್ಲಿ ಕೇರಳ ಹೈಕೋರ್ಟೇ ಹೇಳಿದೆಯಲ್ಲ, ಸಾಕುಪ್ರಾಣಿ ಬೇಡ ಎನ್ನುವ ನಿಯಮ ಕಾನೂನಿಗೆ ವಿರುದ್ಧ ಎಂದು. ಆ ತೀರ್ಪಿನ ಪ್ರತಿ ತೆಗೆದು ಮಾಲಿಕನ ಎದುರು ಇಡಿ.

ಆಧಾರ_ಬರಹ

ಇಟ್ಟರೆ ಮನೆ ಸಿಗುವುದಿಲ್ಲ, ಅಷ್ಟೆ. ಆ ತೀರ್ಪು ವಸತಿ ಸಂಘಗಳ ಬೈಲಾ, ಒಪ್ಪಂದದ ಬಗ್ಗೆ. ವಾಸ ಇರುವವರು ತಮ್ಮ ಫ್ಲ್ಯಾಟಿನಲ್ಲಿ ಪ್ರಾಣಿ ಸಾಕುವುದನ್ನು ಸಂಘ ಬೈಲಾ ಹಾಕಿ ತಡೆಯಲಿಕ್ಕಾಗುವುದಿಲ್ಲ ಎಂದಿತು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯೂ ಸಂಘಗಳಿಗೇ: ಗಾತ್ರ, ತಳಿ, ಬೊಗಳುವಿಕೆ ಎಂದು ನೆಪ ಹೇಳಿ ನಾಯಿ ಓಡಿಸುವ ಹಾಗಿಲ್ಲ, ಲಿಫ್ಟ್ ಬೇಡ ಎನ್ನುವ ಹಾಗಿಲ್ಲ. ನೀವು ಫ್ಲ್ಯಾಟ್ ಹಿಡಿದು, ಮಾಲಿಕ ಒಪ್ಪಿ, ಸಂಘ ತಕರಾರು ತೆಗೆದರೆ ಇವೆರಡೂ ಉಪಯೋಗಕ್ಕೆ ಬರ್ತದೆ. ಸ್ವಂತ ಒಂಟಿ ಮನೆಯನ್ನು ಯಾರಿಗೆ ಬಾಡಿಗೆಗೆ ಕೊಡಬೇಕು ಎಂದು ಮಾಲಿಕನನ್ನು ಒತ್ತಾಯಿಸುವ ತೀರ್ಪು ಅದಲ್ಲ.

ಈಗ ಕರಾರು. ಹನ್ನೊಂದು ತಿಂಗಳಿಗೆ ಬರೆಸುವ ಕಾರಣ ಎಲ್ಲರಿಗೂ ಗೊತ್ತು, ಒಂದು ವರ್ಷ ಮೀರಿದರೆ ನೋಂದಣಿ ಬೇಕು. ಪೇಟೆಯಲ್ಲಿ ಸಿಗುವ ಅಚ್ಚು ಕರಾರಿನಲ್ಲಿ ನಾಯಿ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ, ಕೆಲವದರಲ್ಲಿ "ಪ್ರಾಣಿಗಳನ್ನು ಸಾಕಕೂಡದು" ಎಂದು ಮೊದಲೇ ಅಚ್ಚಾಗಿರ್ತದೆ. ಮಾಲಿಕ ಬಾಯಲ್ಲಿ ಒಪ್ಪಿ, ಆ ಸಾಲಿನ ಕೆಳಗೇ ನೀವು ಸಹಿ ಹಾಕಿದರೆ ನಾಳೆ ನಿಲ್ಲುವುದು ಸಾಲು, ಬಾಯಿಮಾತಲ್ಲ. ಆ ಸಾಲು ಹೊಡೆಸಿ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ, ಕೊನೆಗೆ ಹೀಗೆ ಸೇರಿಸಿ:

"ಬಾಡಿಗೆದಾರರ ಎರಡು ಸಾಕುನಾಯಿಗಳನ್ನು (ಲ್ಯಾಬ್ರಡಾರ್, ಹೆಣ್ಣು, ಹಳದಿ, 4 ವರ್ಷ, ಊರ ತಳಿ, ಗಂಡು, ಕಂದು, 2 ವರ್ಷ) ಈ ಮನೆಯ ಒಳಗೂ ಆವರಣದಲ್ಲೂ ಇರಿಸಿಕೊಳ್ಳಲು ಮಾಲಿಕರು ಒಪ್ಪಿರುತ್ತಾರೆ. ನಾಯಿಗಳಿಂದ ಬಾಗಿಲು, ಕಿಟಕಿ ಬಲೆ, ನೆಲ, ಗೋಡೆಗೆ ಆದ ಹಾನಿಯನ್ನು, ಲಗತ್ತಿಸಿದ ಚಿತ್ರಗಳೊಂದಿಗೆ ಹೋಲಿಸಿ, ದುರಸ್ತಿಯ ನೈಜ ಬಿಲ್ಲಿನ ಮಟ್ಟಿಗೆ ಮುಂಗಡದಿಂದ ಕಳೆಯಬಹುದು. ವಾಡಿಕೆಯ ಸವೆತಕ್ಕೆ ಕಳೆಯತಕ್ಕದ್ದಲ್ಲ. ನಾಯಿಗಳ ಬಗ್ಗೆ ಲಿಖಿತ ದೂರು ಬಂದಲ್ಲಿ ಸರಿಪಡಿಸಲು 15 ದಿನ, ಸರಿಯಾಗದಿದ್ದಲ್ಲಿ ಮನೆ ಬಿಡಲು ಆ ಬಳಿಕ 2 ತಿಂಗಳು ಅವಕಾಶ ಇರತಕ್ಕದ್ದು. ಮನೆ ಬಿಡುವಾಗ ಎರಡೂ ನಾಯಿಗಳನ್ನು ಬಾಡಿಗೆದಾರರು ಕರೆದೊಯ್ಯತಕ್ಕದ್ದು."

ಕೊನೆಯ ವಾಕ್ಯ ಮಾಲಿಕನಿಗಾಗಿ. ಮೇಲೆ ಹೇಳಿದ ಬಿಟ್ಟು ಹೋಗುವ ಹೆದರಿಕೆಗೆ ಅದೇ ಉತ್ತರ. ಸಾಕಿದ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಂ ಪ್ರಕಾರ ಹೇಗೂ ಅಪರಾಧ. ಅದೇ ಕಲಮಿನಲ್ಲಿ, ಗಿಡ್ಡ ಇಲ್ಲವೇ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ಅಪರಾಧ. "ಇಡೀ ದಿನ ಕಟ್ಟಿಯೇ ಇರಬೇಕು" ಎಂದು ಮಾಲಿಕ ಷರತ್ತು ಬರೆಸಲು ಬಂದರೆ ಇದನ್ನು ಹೇಳಿ, "ಗೇಟಿನ ಹೊರಗೆ ಹಗ್ಗ ಇಲ್ಲದೆ ಬಿಡತಕ್ಕದ್ದಲ್ಲ" ಎಂದು ತಿದ್ದಿಸಿ.

ಇನ್ನು ಗಲ್ಫ್ ಮನೆ. ಬೀಗದ ಕೈ ಇರುವುದು ಅಣ್ಣನಲ್ಲೋ ಭಾವನಲ್ಲೋ. ಅವರು ಒಪ್ಪುತ್ತಾರೆ, ಮುಂಗಡ ತೆಗೆದುಕೊಳ್ಳುತ್ತಾರೆ. ರಜೆಗೆ ಬಂದ ಮಾಲಿಕ ಸಿಟೌಟಿನಲ್ಲಿ ನಾಯಿ ನೋಡಿ ಮರುದಿನವೇ ಮನೆ ಬಿಡಿ ಎನ್ನುತ್ತಾನೆ. ತಪ್ಪು ಅವನದಲ್ಲ, ಅವನಿಗೆ ಯಾರೂ ಹೇಳಿಯೇ ಇರುವುದಿಲ್ಲ. ಸಹಿ ಹಾಕುವವರಲ್ಲಿ ಮುಕ್ತಿಯಾರ್ ಪತ್ರ (ಮಾಲಿಕನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಉಂಟಾ ನೋಡಿ. ಇದ್ದರೂ ಮಾಲಿಕನ ವಾಟ್ಸ್ಯಾಪಿಗೆ ನಾಯಿಗಳ ಫೋಟೋ ಸಮೇತ ಕರಾರಿನ ಕರಡು ಕಳಿಸಿ, "ಒಪ್ಪಿಗೆ" ಎಂದು ಅವನ ಕೈಯಿಂದಲೇ ಉತ್ತರ ಬರಿಸಿಕೊಳ್ಳಿ. ಅದು ಬರುವವರೆಗೆ ಮುಂಗಡ ಕೊಡಬೇಡಿ.

ಚಿತ್ರ ತೆಗೆಯುವುದು ಕೀಲಿ ಸಿಕ್ಕಿದ ದಿನವೇ, ಸಾಮಾನು ಇಳಿಸುವ ಮೊದಲು. ಪ್ರತಿ ಬಾಗಿಲಿನ ಕೆಳಗಿನ ಮೂರು ಅಡಿ ಎರಡೂ ಮುಖ, ಕಿಟಕಿ ಬಲೆ, ನೆಲದಲ್ಲಿ ಮೊದಲೇ ಇರುವ ಬಿರುಕು, ಗೇಟಿನ ಕೆಳಗಿನ ಸಂದು. ಹಳೆಯ ಗೀರು ನಿಮ್ಮ ನಾಯಿಯ ಲೆಕ್ಕಕ್ಕೆ ಬೀಳುವುದು ಬಹಳ ಸುಲಭ.

ಮೃಗಾಸ್ಪತ್ರೆ_ರಸ್ತೆ

ಕಡತದ ವಿಷಯ ಯಾರೂ ಹೇಳಲಿಲ್ಲ. ಮನೆ ನೋಡಲು ಹೋಗುವಾಗ ಒಂದು ತೆಳ್ಳಗಿನ ಫೈಲು ಕೈಯಲ್ಲಿರಲಿ: ಚುಚ್ಚುಮದ್ದಿನ ಪುಸ್ತಕದ ಪ್ರತಿ, ಸಂತಾನಹರಣದ ಪ್ರಮಾಣಪತ್ರ, ಎರಡು ಫೋಟೋ, ಈಗಿನ ಮನೆಯ ಮಾಲಿಕರ ನಾಲ್ಕು ಸಾಲಿನ ಪತ್ರ. ಆ ಪತ್ರದಲ್ಲಿ ಹೊಗಳಿಕೆ ಬೇಡ. "ಇಷ್ಟು ವರ್ಷ ಇದ್ದರು, ನಾಯಿ ಎರಡು, ದೂರು ಬರಲಿಲ್ಲ, ಬಾಡಿಗೆ ಬಾಕಿ ಇಲ್ಲ" ಎಂದಷ್ಟೇ ಇದ್ದು ಫೋನು ನಂಬರ್ ಇದ್ದರೆ ಸಾಕು.

ಕೇರಳದಲ್ಲಿ ಸಾಕುನಾಯಿಗೆ ಪಂಚಾಯತ್ ಅಥವಾ ನಗರಸಭೆಯ ಲೈಸೆನ್ಸ್ ಬೇಕು. ಪಂಚಾಯತ್‌ಗಳಲ್ಲಿ 1998ರ ನಿಯಮದಿಂದಲೇ ಉಂಟು, 2022ರ ಬೀದಿನಾಯಿ ಗಲಾಟೆಯ ನಂತರ ಬಿಗಿ ಮಾಡಿದರು. ಕರ್ನಾಟಕದ ಚುಚ್ಚುಮದ್ದಿನ ಪುಸ್ತಕ ನಡೆಯುತ್ತದೆ, ಆದರೆ ಅದರಲ್ಲಿ ಲಸಿಕೆಯ ಸ್ಟಿಕ್ಕರ್, ಬ್ಯಾಚ್ ನಂಬರ್, ವೈದ್ಯರ ನೋಂದಣಿ ಸಂಖ್ಯೆಯ ಮೊಹರು ಮೂರೂ ಇರಬೇಕು. ಬರೀ ತಾರೀಕು ಗೀಚಿದ ಪುಸ್ತಕವನ್ನು ಕಚೇರಿಯಲ್ಲಿ ತಿರುಗಿಸಿ ಕೊಟ್ಟರೆ ಬೇಜಾರು ಮಾಡಬೇಡಿ, ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ರೇಬೀಸ್ ಮತ್ತೊಮ್ಮೆ ಹಾಕಿಸಿ ಪ್ರಮಾಣಪತ್ರ ತೆಗೆದುಕೊಳ್ಳಿ. ಇನ್ನೊಂದು ಸಲ ಹಾಕಿದರೆ ತೊಂದರೆ ಇಲ್ಲ. ಅರ್ಜಿ ಕೇರಳದ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ವ್ಯವಸ್ಥೆ ಕೆ-ಸ್ಮಾರ್ಟ್‌ನಲ್ಲಿ. ಕಚೇರಿಗೆ ಪತ್ರ ಬರೆಯುವುದಾದರೆ ಕನ್ನಡದಲ್ಲೇ ಕೊಡಬಹುದು, 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಉಂಟು. ಬಾಡಿಗೆ ಕರಾರೇ ವಿಳಾಸದ ದಾಖಲೆ, ಹಾಗಾಗಿ ಮನೆ ಸಿಕ್ಕಿದ ಮೇಲೆಯೇ ಲೈಸೆನ್ಸ್. "ಮನೆ ಸಿಕ್ಕಿದ ತಿಂಗಳೊಳಗೆ ಲೈಸೆನ್ಸ್ ಮಾಡಿಸಿ ಪ್ರತಿ ಕೊಡ್ತೇನೆ" ಎಂದು ಮಾಲಿಕರಿಗೆ ಹೇಳಿ, ಕೊಡಿ ಸಹ.

ಬಾವಿಯ ಹೆದರಿಕೆ ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಇಲಿಜ್ವರದ ರೋಗಾಣು ನಾಯಿಯ ಮೂತ್ರದಲ್ಲೂ ಹೋಗ್ತದೆ, ಮಳೆಗಾಲದಲ್ಲಿ ಇಲ್ಲಿ ಇಲಿಜ್ವರ ಇದ್ದದ್ದೇ. ರೇಬೀಸ್ ಮಾತ್ರ ಹಾಕಿಸಿ ಇದನ್ನು ಬಿಟ್ಟವರು ತುಂಬ ಜನ. ಹಲವು ರೋಗಕ್ಕೆ ಒಟ್ಟಿಗೆ ಹಾಕುವ ಲಸಿಕೆಯಲ್ಲಿ ಇಲಿಜ್ವರದ್ದು ಸೇರಿದೆಯೋ ಎಂದು ಕೇಳಿ ಹಾಕಿಸಿ. ಮೊದಲ ಸಲವಾದರೆ 3-4 ವಾರದ ಅಂತರದಲ್ಲಿ ಎರಡು, ಮತ್ತೆ ವರ್ಷಕ್ಕೊಂದು. ಮಳೆಗೆ ಮೊದಲೇ ಮುಗಿಸಬೇಕು, ಅಂದರೆ ಏಪ್ರಿಲ್‌ನಲ್ಲೇ ಶುರು.

"ಕಚ್ಚಿದರೆ?" ಎಂದು ಕೇಳುವ ಮಾಲಿಕರಿಗೆ "ನಮ್ಮ ನಾಯಿ ಕಚ್ಚುವುದಿಲ್ಲ" ಎನ್ನಬೇಡಿ, ಅದನ್ನು ಎಲ್ಲರೂ ಹೇಳ್ತಾರೆ. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಆ ದಿನವೇ ಆಸ್ಪತ್ರೆಗೆ ಹೋಗಬೇಕು, ನಾಯಿಯನ್ನು 10 ದಿನ ಕಣ್ಣೆದುರು ಇಟ್ಟುಕೊಳ್ಳಬೇಕು, ಖರ್ಚು ನನ್ನದು. ಹೀಗೆ ಹೇಳುವವನ ಮೇಲೆ ನಂಬಿಕೆ ಬರ್ತದೆ. ಅಜಾಗರೂಕತೆಯಿಂದ ಪ್ರಾಣಿ ಬಿಟ್ಟು ಜನರಿಗೆ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ 6 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಉಂಟು. ಕೇಸು ಬೀಳುವುದು ಸಾಕುವವನ ಮೇಲೆ ಎಂಬುದೂ ಮಾಲಿಕರಿಗೆ ಗೊತ್ತಿರಲಿ.

ಪುತ್ತೂರಿಂದ_ಕಾಸ್ರೋಡಿಗೆ

ಎಲ್ಲರಿಗೂ ಧನ್ಯವಾದ. "ಕ್ವಾರ್ಟರ್ಸ್ ಬೇಡ" ಎಂದದ್ದರಿಂದ ಎರಡು ಮನೆ ಉಳಿದಿದೆ.

ಒಂದು, ವಿದ್ಯಾನಗರದ ಹತ್ತಿರ ಮಹಡಿ ಮನೆ, 10,500. ಕೆಳಗೆ ಮಾಲಿಕರೇ. ಹೊರಗಿನಿಂದ ಮೆಟ್ಟಿಲು, ನೆಲಕ್ಕೆ ಹೊಳೆಯುವ ಟೈಲ್ಸ್, ಟೆರೇಸು ನಮಗೆ. ನಾಯಿಗೆ ಒಪ್ಪಿಗೆ, ಆದರೆ ಅಂಗಳಕ್ಕೆ ಇಳಿಸಬಾರದು.

ಎರಡು, ಬದಿಯಡ್ಕದಿಂದ ಒಳಗೆ ತೋಟದ ಮನೆ, 7,000. ಹಂಚಿನ ಮಾಡು, ಕಾವಿ ನೆಲ. ಮುಂದೆ ಮುರಕಲ್ಲಿನ ಆವರಣಗೋಡೆ ನಾಲ್ಕು ಅಡಿ, ಕಬ್ಬಿಣದ ಗೇಟು. ಹಿಂದೆ ಗೋಡೆ ಇಲ್ಲ, ನೇರ ತೋಟ. ಬಾವಿಕಟ್ಟೆ ಎರಡು ಅಡಿ ಇರಬಹುದು. ಕುಡಿಯುವ ನೀರು ಸುರಂಗದ್ದು (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು), ಗುಡ್ಡದ ಬುಡದಲ್ಲಿ ಸಣ್ಣ ಕೆರೆಯಲ್ಲಿ ನಿಲ್ತದೆ. ಮಾಲಿಕರು ಮಂಗಳೂರಿನಲ್ಲಿ, ತೋಟ ನೋಡಲಿಕ್ಕೆ ಆಳು ಬರ್ತಾರೆ. ಯಾವುದು ಒಳ್ಳೆಯದು? ಎರಡನೆಯದಾದರೆ ಎಂತೆಂತ ಸರಿ ಮಾಡಿಸಬೇಕು?

ಮನೆ_ನನ್ನದು

ಬಾಡಿಗೆಗೆ ಕೊಡುವವರ ಕಡೆಯಿಂದ ಒಂದು ಮಾತು. ಮಹಡಿ ಮನೆಗೆ ನಾಯಿ ಒಪ್ಪಿದರೂ ಬಾಳುವುದಿಲ್ಲ. ನಡುರಾತ್ರಿ ಟೈಲ್ಸ್ ಮೇಲೆ ಉಗುರಿನ ಟಕಟಕ ಕೆಳಗಿನವರ ತಲೆಯ ಮೇಲೆಯೇ. ಟೆರೇಸಿನಲ್ಲಿ ಮೂತ್ರ ಮಾಡಿ, ತೊಳೆದ ನೀರು ಕೊಳವೆಯಲ್ಲಿ ಇಳಿದು ಅಂಗಳಕ್ಕೆ ಬೀಳ್ತದೆ. ಕೆಲವು ಮನೆಯಲ್ಲಿ ಆ ಕೊಳವೆ ಮಳೆನೀರು ಬಾವಿಗೆ ಇಂಗಿಸುವ ಫಿಲ್ಟರಿಗೇ ಹೋಗ್ತದೆ. ಅದು ಗೊತ್ತಾದ ದಿನ ಜಗಳ. "ಅಂಗಳಕ್ಕೆ ಇಳಿಸಬಾರದು" ಎಂದು ಈಗಲೇ ಹೇಳಿದವರು ಆರು ತಿಂಗಳಲ್ಲಿ ಇನ್ನೂ ನಾಲ್ಕು ಹೇಳ್ತಾರೆ. ತೋಟದ ಮನೆಯೇ ಹಿಡಿಯಿರಿ. ಬಾಡಿಗೆ ಹತ್ತನೇ ತಾರೀಕಿನವರೆಗೆ ಎಳೆಯಬೇಡಿ, ನಾಯಿ ಇರುವವರಿಗೆ ಆ ಸಲಿಗೆ ಇಲ್ಲ.

ಬಾವಿಕಟ್ಟೆ

ನನ್ನ ಮತವೂ ತೋಟದ ಮನೆಗೇ, ಆದರೆ ಸಾಮಾನು ಇಳಿಸುವ ಮೊದಲು ಮಾಡಬೇಕಾದ ಕೆಲಸ ಉಂಟು. ಮೊದಲಿಗೆ ಬಾವಿ. ಎರಡು ಅಡಿ ಕಟ್ಟೆಯನ್ನು 16 ಕೆ.ಜಿ.ಯ ನಾಯಿ ಬೆಕ್ಕು ಅಟ್ಟುವಾಗ ನೋಡದೆ ಹಾರ್ತದೆ. ಎಲೆ ಬೀಳದ ಹಾಗೆ ಕಟ್ಟುವ ನೈಲಾನ್ ಬಲೆ ನಾಯಿಯ ಭಾರ ತಡೆಯುವುದಿಲ್ಲ, ಬಲೆ ಸಮೇತ ಕೆಳಗೆ. ಬಲೆಯೊಳಗೆ ಸಿಕ್ಕಿದ ನಾಯಿಗೆ ಈಜಲೂ ಆಗುವುದಿಲ್ಲ. ಬೇಕಾದ್ದು ಎರಡು ಹೋಳಿನ ಕಬ್ಬಿಣದ ಮುಚ್ಚಳ, ಒಂದು ಇಂಚಿನ ಆಂಗಲ್‌ಗೆ ವೆಲ್ಡ್ ಮೆಶ್ ಕೂರಿಸಿದ್ದು. ಕಟ್ಟೆಯ ಮೇಲೆ ಇಟ್ಟರೆ ಸಾಕು, ಕೊರೆಯಬೇಕೆಂದಿಲ್ಲ. ಇದು ಮನೆಗೇ ಉಳಿಯುವ ವಸ್ತು, ಅರ್ಧ ಖರ್ಚು ಬಾಡಿಗೆಯಲ್ಲಿ ಕಳೆಯುತ್ತೀರಾ ಎಂದು ಮಾಲಿಕರನ್ನು ಕೇಳಿ.

ಸುರಂಗದ ಕೆರೆಗೆ ನಾಯಿ ಇಳಿಯಲೇಬಾರದು. ಲ್ಯಾಬ್‌ಗೆ ನೀರು ಕಂಡರೆ ತಡೆಯುವುದಿಲ್ಲ, ಮೊದಲ ದಿನವೇ ಹಾರ್ತದೆ. ಅದು ನಿಮಗೆ ಮಾತ್ರ ಅಲ್ಲ, ಕೆಳಗಿನ ಮನೆಗೂ ಕುಡಿಯುವ ನೀರಿರಬಹುದು, ಪೈಪು ಎಲ್ಲಿಗೆ ಹೋಗಿದೆ ನೋಡಿ. ಕೆರೆಗೆ ಸುತ್ತ ನಾಲ್ಕು ಅಡಿ ಮೆಶ್ ಕಟ್ಟಿ. ನಾಯಿ ಒಮ್ಮೆ ಇಳಿದದ್ದು ಆಳಿನ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ಮಂಗಳೂರಿಗೆ ಫೋನು ಹೋಗಿರ್ತದೆ.

ಬಾವಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವ ಲೆಕ್ಕ ಇಟ್ಟುಕೊಳ್ಳಿ. 1,000 ಲೀಟರಿಗೆ ಎರಡೂವರೆ ಗ್ರಾಂ. ಬಾವಿಯ ಅಡ್ಡಳತೆ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ನೀರು ಸುಮಾರು 9,400 ಲೀಟರ್, ಪುಡಿ 24 ಗ್ರಾಂ. ಪುಡಿಯನ್ನು ನೇರ ಸುರಿಯಬಾರದು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಅಲ್ಲಾಡಿಸಿ, ಒಂದು ಗಂಟೆ ಬಿಡಿ.

ಬೇಲಿ: ಹಿಂದಿನ ಇಡೀ ಗಡಿಗೆ ಕಟ್ಟಲು ಹೋದರೆ ಮುಗಿಯುವುದಿಲ್ಲ. ಅಡುಗೆಕೋಣೆಯ ಹಿಂಬಾಗಿಲಿನಿಂದ ಸುತ್ತ 25 ಅಡಿಗೆ 20 ಅಡಿಯಷ್ಟು ಜಾಗ ಸಾಕು. ಒಂದು ಇಂಚು ಕಣ್ಣಿನ ವೆಲ್ಡ್ ಮೆಶ್, ಐದು ಅಡಿ ಅಗಲದ್ದು. ಅದರಲ್ಲಿ ಬುಡದ ಒಂದು ಅಡಿಯನ್ನು ಒಳಮುಖವಾಗಿ ನೆಲಕ್ಕೆ ಮಡಚಿ ಮೇಲೆ ಕಲ್ಲು ಹೇರಿ. ನೆಟ್ಟಗೆ ಕಟ್ಟಿ ಬಿಟ್ಟರೆ ಮಳೆಗೆ ಮೆತ್ತಗಾದ ಮಣ್ಣನ್ನು ಒಂದೇ ರಾತ್ರಿಯಲ್ಲಿ ಅಗೆದು ಹೊರಗೆ ಹೋಗ್ತವೆ. ಕಂಬಕ್ಕೆ ಕಬ್ಬಿಣದ ಪೈಪು, ಎಂಟು ಅಡಿಗೊಂದು. ಅಡಿಕೆ ಸಲಾಕೆ ಅಗ್ಗ, ಆದರೆ ಒಂದು ಮಳೆಗಾಲ ಕಳೆಯುವಾಗ ಬುಡ ಕುಂಬಾಗ್ತದೆ. ಮುಂದಿನ ಮುರಕಲ್ಲಿನ ಗೋಡೆ ಸಾರಣೆ ಮಾಡದ್ದಾದರೆ ಅದರ ಒರಟಿನ ಮೇಲೆ ಊರನಾಯಿ ಏಣಿಯ ಹಾಗೆ ಹತ್ತೀತು. ಅಲ್ಲಿಗೆ ಮೇಲೆ ಎರಡು ಅಡಿ ಮೆಶ್. ಗೇಟಿನ ಸರಳುಗಳ ಸಂದಿಗೆ ಅದೇ ಮೆಶ್ಶನ್ನು ಕಟ್ಟುಕಂಬಿಯಲ್ಲಿ ಬಿಗಿಯಿರಿ. ವೆಲ್ಡಿಂಗ್ ಬೇಡ, ಬಿಡುವಾಗ ಬಿಚ್ಚಿ ಕೊಂಡುಹೋಗಬಹುದು.

ಕಾವಿ ನೆಲದ ಬಗ್ಗೆ ಎಚ್ಚರ. ಅದು ಬಣ್ಣ ಹಾಕಿ ತಿಕ್ಕಿದ ಸಿಮೆಂಟು. ಮೂತ್ರ ನಿಂತರೆ ಬೆಳ್ಳಗೆ ಕಲೆ ಬೀಳ್ತದೆ, ಆಸಿಡ್, ವಿನೆಗರ್, ಲಿಂಬೆ ತಾಗಿದರೆ ಹೊಳಪು ಹೋಗಿ ದೊರಗಾಗ್ತದೆ, ಮತ್ತೆ ಬರುವುದಿಲ್ಲ. ಬ್ಲೀಚಿಂಗ್ ಪೌಡರನ್ನು ಮೂತ್ರದ ಮೇಲೆ ಹಾಕಲೇಬೇಡಿ, ಅಮೋನಿಯ ಸೇರಿ ಕೆಟ್ಟ ಅನಿಲ ಹುಟ್ಟುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟೀತು. ಕೂಡಲೇ ಒಣ ಬಟ್ಟೆಯಲ್ಲಿ ಒತ್ತಿ ತೆಗೆದು, ಸಾಬೂನು ನೀರು, ಮತ್ತೆ ಬರೀ ನೀರು. ವಾಸನೆ ಉಳಿದರೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣ. ವಾಸನೆ ಉಳಿದ ಜಾಗಕ್ಕೇ ನಾಯಿ ಮತ್ತೆ ಹೋಗ್ತದೆ, ಅಸಲು ತೊಂದರೆ ಅದು.

ಬಾಗಿಲು ಹಲಸಿನದ್ದೋ ಸಾಗುವಾನಿಯದ್ದೋ ಆಗಿದ್ದರೆ ಕೆಳಗಿನ ಮೂರು ಅಡಿಗೆ ಎರಡು ಮಿಲಿಮೀಟರಿನ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ. ಎರಡು ಬದಿ ಅಂಟುವ ಟೇಪಿನಲ್ಲಿ ಅಂಟಿಸಬೇಡಿ, ಕೀಳುವಾಗ ಪಾಲಿಶ್ ಸಮೇತ ಬರ್ತದೆ. ಮೇಲೆ ಎರಡು ತೂತು ಮಾಡಿ ಚಿಲಕಕ್ಕೆ ದಾರ ಹಾಕಿ ತೂಗಿಸಿ.

ಮಲಕ್ಕೆ ಗುಂಡಿ ಬೇಕು, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಅದನ್ನು ಒಯ್ಯುವುದಿಲ್ಲ. ಎರಡು ಅಡಿ ಉದ್ದಗಲ, ಮೂರು ಅಡಿ ಆಳ, ಮೇಲೆ ಮುಚ್ಚಳ. ಶೌಚದ ಗುಂಡಿಗೆ ಬಾವಿಯಿಂದ ಏಳೂವರೆ ಮೀಟರ್ ಬಿಡಬೇಕೆಂದು ಕೇರಳದ ಕಟ್ಟಡ ನಿಯಮ. ಇದಕ್ಕೆ ನೀವು 15 ಬಿಡಿ, ಮತ್ತು ಬಾವಿ, ಕೆರೆಗಿಂತ ತಗ್ಗಿನಲ್ಲಿ ತೋಡಿ. ಮುರಕಲ್ಲಿನ ನೆಲದಲ್ಲಿ ನೀರು ಸಂದಿನಿಂದ ಸಂದಿಗೆ ಬೇಗ ಇಳಿಯುತ್ತದೆ. ದಿನಕ್ಕೊಂದು ಹಿಡಿ ಒಣಮಣ್ಣು ಅಥವಾ ಮರದಪುಡಿ. ಬಸಳೆ ಚಪ್ಪರದ ಬುಡಕ್ಕೆ ಹಾಕುವ ಯೋಚನೆ ಬೇಡ.

ಪುತ್ತೂರಿಂದ_ಕಾಸ್ರೋಡಿಗೆ

ಮನೆ ಹಿಡಿಯುವುದೆಂದೇ ಆಯಿತು. ತೋಟಕ್ಕೆ ಆಳು ಬರುವ ದಿನ, ಮದ್ದು ಬಿಡುವ ದಿನ ನಾಯಿಗಳನ್ನು ಎಂತ ಮಾಡುವುದು?

ಪಯಸ್ವಿನಿ_ದಡ

ಅಡಿಕೆಗೆ ಮದ್ದು ಬಿಡುವುದು ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ. ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಮೈಲುತುತ್ತು ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ. ಮರದಿಂದ ಹನಿಯುವುದಕ್ಕಿಂತ ಅಪಾಯ ಡ್ರಮ್ಮಿನ ಹತ್ತಿರ. ಮೈಲುತುತ್ತು ಕರಗಿಸಿದ ಬಕೆಟಿಗೆ ಬಾಯಾರಿದ ನಾಯಿ ಬಾಯಿ ಹಾಕಿದರೆ ವಾಂತಿ ಭೇದಿ ಹಿಡಿದು ಜೀವಕ್ಕೇ ಬಂದೀತು. ಆ ದಿನ ಮನೆಯೊಳಗೆ ಕೂಡಿಹಾಕಿ, ಮರುದಿನ ತೋಟದ ಕಡೆ ಹೋದರೆ ಬಂದ ಕೂಡಲೇ ಕಾಲು, ಹೊಟ್ಟೆ ತೊಳೆಯಿರಿ, ನೆಕ್ಕುವ ಮೊದಲು. ಮದ್ದಿನವರು ಬರುವ ಮುನ್ನಾದಿನ ಫೋನು ಮಾಡಿ ಎಂದು ಆಳಿಗೆ ಹೇಳಿಡಿ. ಇಲಿ ಪಾಷಾಣ ಇಡುವುದಿದ್ದರೂ ಹೇಳಬೇಕೆಂದು ಮಾಲಿಕರಲ್ಲಿ ಮಾತಾಡಿಕೊಳ್ಳಿ.

ಆಳಿಗೂ ನಾಯಿಗೂ ಪರಿಚಯ ಮೊದಲ ವಾರವೇ ಆಗಲಿ. ನೀವಿರುವಾಗ, ಹಗ್ಗ ಹಾಕಿ, ಅವರ ಕೈಯಿಂದಲೇ ಬಿಸ್ಕೆಟ್ ಕೊಡಿಸಿ. ಸೊಪ್ಪಿನ ಹೊರೆ ತಲೆಯ ಮೇಲಿಟ್ಟು ಬಂದ ದಿನ ಅದೇ ಮನುಷ್ಯನಿಗೇ ಬೊಗಳುತ್ತವೆ, ಆಕಾರ ಬದಲಾದ್ದಕ್ಕೆ. ಆ ಹೊರೆ ಸಮೇತವೂ ಒಮ್ಮೆ ಪರಿಚಯ ಮಾಡಿಸಿ.

ತೋಟದ ಉಣ್ಣಿ ಪೇಟೆಯ ಉಣ್ಣಿಯ ಹಾಗಲ್ಲ, ತಿಂಗಳ ಮಾತ್ರೆಯೋ ಬೆನ್ನಿಗೆ ಬಿಡುವ ಮದ್ದೋ ಯಾವುದೆಂದು ವೈದ್ಯರಲ್ಲಿ ಕೇಳಿ ಮೊದಲೇ ಶುರುಮಾಡಿ. ಮುಳಿಯಾರು, ಕಾರಡ್ಕ ಕಡೆ ಚಿರತೆಯ ಸುದ್ದಿ ಇದ್ದದ್ದರಿಂದ ರಾತ್ರಿ ಎರಡೂ ಒಳಗೇ ಮಲಗಲಿ, ಬೇಲಿ ಎಷ್ಟೇ ಗಟ್ಟಿ ಇದ್ದರೂ. ಹತ್ತಿರ ದೈವಸ್ಥಾನ ಉಂಟಾ, ಉತ್ಸವ ಯಾವಾಗ ಎಂದು ಈಗಲೇ ಕೇಳಿಟ್ಟುಕೊಳ್ಳಿ. ತುಲಾ ಹತ್ತರಿಂದ ಪತ್ತನಾಜೆವರೆಗೆ (ಅಕ್ಟೋಬರ್ ಕೊನೆಯಿಂದ ಮೇ ಕೊನೆಯವರೆಗೆ) ಕದಿನ, ಗರ್ನಾಲು ಪಟಾಕಿ ಸಿಡಿಯುವ ರಾತ್ರಿ ಇದ್ದೇ ಇರ್ತದೆ, ಹೆದರಿ ಓಡಿದ ನಾಯಿಗೆ ನಾಲ್ಕು ಅಡಿ ಬೇಲಿ ಲೆಕ್ಕಕ್ಕಿಲ್ಲ. ಕೊರಳಪಟ್ಟಿಗೆ ನಿಮ್ಮ ನಂಬರ್ ಕೆತ್ತಿದ ಬಿಲ್ಲೆ ಹಾಕಿಸಿ, ಕೇರಳದಲ್ಲೂ ನಡೆಯುವ ನಂಬರ್ ಆಗಿರಲಿ.

ಬಾವಿಕಟ್ಟೆ

ಒಂದು ಬಿಟ್ಟುಹೋಯಿತು. ಹಾಸಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಟ್ಟೆ ಒಣಗುವುದಿಲ್ಲ. ತೆಂಗಿನ ನಾರಿನ ಮ್ಯಾಟು, ಹತ್ತಿಯ ದಿಂಬು ಎರಡೂ ಒದ್ದೆ ಹೀರಿ, ನಾಯಿಯ ಹೊಟ್ಟೆಯಡಿ ಹುಳುಕಡ್ಡಿ ಏಳ್ತದೆ. ನೆಲದಿಂದ ಐದಾರು ಇಂಚು ಮೇಲೆ ಮರದ ಹಲಗೆ, ಅದರ ಮೇಲೆ ರೆಕ್ಸಿನ್ ಹೊದಿಕೆಯ ಸ್ಪಂಜು, ಮೇಲೆ ಹಾಸಲು ಹಳೆಯ ಸೀರೆ ಮೂರು ಜೊತೆ. ಒಂದು ಹಾಸಿದ್ದು, ಒಂದು ಒಗೆದದ್ದು, ಒಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿರುವುದು.